ಹಳೆ ಮಠದ ಒಳಗಿನ ಚಿತ್ರ, ಕೆತ್ತನೆ ಕಂಬ: ಆಯಿಲ್ ಪೇಂಟ್ ಹೊಡೆಸಬಹುದಾ?

ಆನೆಗೊಂದಿ ಹತ್ತಿರ ನಮ್ಮೂರ ಹಳೆ ಮಠ ಸಂರಕ್ಷಿತ ಪಟ್ಟಿಯಲ್ಲಿದೆ. ಒಳಗೆ ಮರದ ಕೆತ್ತನೆ ಕಂಬಗಳು, ಗಾರೆ ಗೋಡೆ ಮೇಲೆ ಚಿತ್ರಗಳು. ಬಣ್ಣ ಚಕ್ಕೆ ಎದ್ದು ಉದುರುತ್ತಿದೆ. ಎಲ್ಲದಕ್ಕೂ ಆಯಿಲ್ ಪೇಂಟ್ ಹೊಡೆಸಿಬಿಡೋಣ ಅಂತಾರೆ ಕಮಿಟಿಯವರು. ಇಂಥ ಕೆಲಸ ಮಾಡಿಸಿದವರಿದ್ದರೆ ಹೇಳಿ.

—

ಅಣ್ಣಾ, ಪೇಂಟ್ ಆಮೇಲೆ, ಮೊದಲು ಮಾಳಿಗೆ ಹತ್ತಿ ನೋಡಿ. ಸೋರೋದು ನಿಲ್ಲದೆ ಒಳಗೆ ಏನು ಮಾಡಿದರೂ ದಂಡ. ಬಿರುಕಿಗೆ ಸಿಮೆಂಟ್ ಮಾತ್ರ ಬೇಡ. ಗಾರೆ ತೇವವನ್ನು ಹೊರಗೆ ಬಿಡುತ್ತೆ, ಸಿಮೆಂಟ್ ಬಿಡಲ್ಲ, ಆಗ ಆ ತೇವ ದಾರಿ ಹುಡುಕಿಕೊಂಡು ಚಿತ್ರ ಇರೋ ಕಡೆಯಿಂದ ಬರುತ್ತೆ, ಜೊತೆಗೆ ಉಪ್ಪನ್ನೂ ತರುತ್ತೆ, ಆ ಉಪ್ಪು ಹರಳುಗಟ್ಟಿ ಬಣ್ಣವನ್ನು ಒಳಗಿನಿಂದಲೇ ಎಬ್ಬಿಸುತ್ತೆ. ಆಯಿಲ್ ಪೇಂಟ್ ಮಾಡೋದೂ ಇದನ್ನೇ. ಬಿಳಿ ಪುಡಿ ಕಂಡರೆ ಒಣ ಮೆತ್ತನೆ ಬ್ರಷ್‌ನಿಂದ ತೆಗೆಸಿ, ತೊಳೆಸಬೇಡಿ. ಒಣಗಿದ ಗಾರೆ ಮೇಲೆ ಅಂಟು ಬೆರೆಸಿ ಬರೆದ ಬಣ್ಣ ಆಗಿದ್ದರೆ ಒದ್ದೆ ಬಟ್ಟೆಗೇ ಬಂದುಬಿಡುತ್ತೆ!

ರಾತ್ರಿ ಟಾರ್ಚನ್ನು ಗೋಡೆಗೆ ತಾಗಿಸದೆ ಪಕ್ಕದಲ್ಲೇ ಹಿಡಿದು ಅಡ್ಡ ಬೆಳಕು ಬಿಡಿ. ಎದ್ದಿರೋ ಒಂದೊಂದು ಚಕ್ಕೆಯ ನೆರಳೂ ಕಾಣುತ್ತೆ. ಚಿತ್ರ ಇಲ್ಲದ ಜಾಗದಲ್ಲಿ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ, ಟೊಳ್ಳು ಸದ್ದು ಬಂದರೆ ಗಾರೆ ಕಲ್ಲು ಬಿಟ್ಟಿದೆ ಅಂತ. ಎಲ್ಲಾ ಫೋಟೋ ತೆಗೆದಿಡಿ. ಚಕ್ಕೆ ಕೂರಿಸೋದು, ಟೊಳ್ಳಿಗೆ ಸಿರಿಂಜ್‌ನಲ್ಲಿ ತೆಳು ಸುಣ್ಣದ ಗಾರೆ ತುಂಬೋದು ಪಳಗಿದ ಸಂರಕ್ಷಕರ ಕೆಲಸ, ಊರ ಪೇಂಟರ್‌ದಲ್ಲ.

—

ಮೇಲಿನವರು ಹೇಳಿದ್ದು ಸರಿ, ಆದ್ರೆ ಕಂಬಗಳ ವಿಷಯ ಬಿಟ್ಟರು. ಮರದ ಗೊಂಬೆ ಮಾಡಿ ಬಣ್ಣ ಹಚ್ಚೋ ಕಿನ್ನಾಳದ ಚಿತ್ರಗಾರರು ನಿಮ್ಮ ಕೊಪ್ಪಳ ಜಿಲ್ಲೆಯಲ್ಲೇ ಇದ್ದಾರಲ್ವಾ? ಹುಣಸೆ ಬೀಜದ ಅಂಟು, ಮರದ ಪುಡಿ ಅವರಿಗೆ ನಿತ್ಯದ ಕೆಲಸ. ಸೀಳು ತುಂಬೋಕೆ ಕರೆಸಿ, ಹೊಸ ಬಣ್ಣ ಮಾತ್ರ ಹಚ್ಚಿಸಬೇಡಿ. ಅವರ ಕೈಯಲ್ಲಿ ಕಂಬ ಜಗಜಗ ಅನ್ನುತ್ತೆ, ನಿಜ, ಹಳೇದು ಹೋಗಿಬಿಡುತ್ತೆ. ಕಂಬದ ಮೇಲಿನ ಹಳೆ ಎನಾಮಲ್ ಪೇಂಟ್ ಕೆರೆಸೋದಾದರೆ ಮಾಸ್ಕ್ ಹಾಕಿಸಿ, ಅದರಲ್ಲಿ ಸೀಸ ಇರಬಹುದು.

—

ರಾಯಚೂರಿನಿಂದ ಒಂದು ಮಾತು. ಏಪ್ರಿಲ್‌ನಲ್ಲಿ ಗಾರೆ ಹಾಕಿಸಬೇಡಿ. ನಮ್ಮ 40 ಡಿಗ್ರಿ ಬಿಸಿಲಿಗೆ ಸುಣ್ಣ ಗಟ್ಟಿಯಾಗೋ ಮೊದಲೇ ಒಣಗಿ ಬಿರಿಯುತ್ತೆ. ಮಳೆ ಮುಗಿದ ಮೇಲೆ ಶುರು ಮಾಡಿ, ತೆಳ್ಳಗೆ ಪದರ ಪದರವಾಗಿ, ಒದ್ದೆ ಗೋಣಿ ಇಳಿಬಿಟ್ಟು. ಬೆಲ್ಲ, ಅಳಲೆಕಾಯಿ ನೀರು ಬೆರೆಸೋ ಹಳೆ ಮೇಸ್ತ್ರಿ ಸಿಕ್ಕರೆ ಬಿಡಬೇಡಿ.

—

ಇಷ್ಟೆಲ್ಲ ಆದರೂ ಅನುಮತಿ ಇಲ್ಲದೆ ಒಂದು ಮೊಳೆ ಹೊಡೆಯೋಕೂ ಹೋಗಬೇಡಿ. ಪಟ್ಟಿ ರಾಜ್ಯ ಪುರಾತತ್ವ ಇಲಾಖೆಯದ್ದಾ, ಕೇಂದ್ರದ್ದಾ ನೋಡಿಕೊಳ್ಳಿ. ಆನೆಗೊಂದಿ ಸುತ್ತಮುತ್ತ ಅಂದರೆ ಹಂಪಿ ವಿಶ್ವ ಪರಂಪರೆ ಪ್ರದೇಶ ನೋಡಿಕೊಳ್ಳೋ ಹಂಪಿ ಪ್ರಾಧಿಕಾರವನ್ನೂ ಕೇಳಬೇಕಾಗಬಹುದು. ಆ ಫೋಟೋಗಳನ್ನು ಅರ್ಜಿ ಜೊತೆ ಲಗತ್ತಿಸಿ, ಕಮಿಟಿಯವರಿಗೂ ತೋರಿಸಿ.