ಅಪ್‌ಡೇಟ್: ಕಂಪ್ರೆಸರ್ ಗಾಳಿ ಎಲ್ಲಿ ಸೋರುತ್ತಿತ್ತು ಗೊತ್ತಾಯಿತು

ಪೀಣ್ಯದ ನಮ್ಮ ಶಾಪ್‌ನಲ್ಲಿ ಮಷಿನ್ ಎಲ್ಲ ಆಫ್ ಇದ್ದರೂ ಕಂಪ್ರೆಸರ್ (ಗಾಳಿ ಒತ್ತಿ ತುಂಬಿಕೊಡುವ ಮಷಿನ್) ಪದೇ ಪದೇ ಆನ್ ಆಗುತ್ತದೆ ಅಂತ ಕೇಳಿದ್ದೆನಲ್ಲ, ನೀವು ಹೇಳಿದ ಹಾಗೆ ಅಲ್ಟ್ರಾಸಾನಿಕ್ ಡಿಟೆಕ್ಟರ್ ಬಾಡಿಗೆಗೆ ತಂದೆವು. ಗಾಳಿ ಸೋರುವಾಗ ಹುಟ್ಟುವ, ನಮ್ಮ ಕಿವಿಗೆ ಕೇಳದ 40 ಕಿಲೋಹರ್ಟ್ಸ್ ಆಸುಪಾಸಿನ ಸದ್ದನ್ನು ಅದು ಹೆಡ್‌ಫೋನ್‌ನಲ್ಲಿ ಕೇಳುವ ಹಾಗೆ ಇಳಿಸಿಕೊಡುತ್ತದೆ, ಹಾಗಾಗಿ ಪಕ್ಕದಲ್ಲಿ ಲೇಥ್ ಓಡುತ್ತಿದ್ದರೂ ಅಷ್ಟೇನೂ ತೊಂದರೆ ಇಲ್ಲ. ಏರ್ ಗನ್ ಹಿಡಿದವರನ್ನು ಮಾತ್ರ ಸ್ವಲ್ಪ ಹೊತ್ತು ನಿಲ್ಲಿಸಬೇಕು, ಅದೂ ಅದೇ ಥರ ಕಿರುಚುತ್ತದೆ. ಮೇನ್ ಲೈನ್ ಚೆನ್ನಾಗಿಯೇ ಇದೆ. ಸೋರುತ್ತಿದ್ದದ್ದು ಕ್ವಿಕ್ ಕಪ್ಲರ್ (ಪೈಪನ್ನು ಥಟ್ಟನೆ ಹಾಕಿ ತೆಗೆಯುವ ಜೋಡಣೆ), ಪಿಯು ಟ್ಯೂಬ್ (ಪ್ಲಾಸ್ಟಿಕ್ ಗಾಳಿ ಪೈಪ್) ಫಿಟ್ಟಿಂಗ್, ಗಾಳಿ ಫಿಲ್ಟರಿನ ಕೆಳಗಿನ ಬೌಲ್. ಬರೀ ಚಿಲ್ಲರೆ ಜಾಗಗಳು! ಅಲ್ಲಿನ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಬದಲಿಸಿದ ಮೇಲೆ ಕಂಪ್ರೆಸರ್ ಈಗ ಜಾಸ್ತಿ ಹೊತ್ತು ಸುಮ್ನೆ ಇರುತ್ತದೆ.

ಅಡುಗೆ ಗ್ಯಾಸ್ ಲೈನಿಗೂ ಈ ಡಿಟೆಕ್ಟರ್ ಆಗುತ್ತದಾ ಅಂದವರಿಗೆ: ಮನೆ ಸಿಲಿಂಡರ್‌ನ ರೆಗ್ಯುಲೇಟರ್ ದಾಟಿದ ಮೇಲೆ ಒತ್ತಡ ಸುಮಾರು 30 ಮಿಲಿಬಾರ್ ಅಷ್ಟೇ, ಸದ್ದು ಸರಿಯಾಗಿ ಹುಟ್ಟುವುದೇ ಇಲ್ಲ. ಅಲ್ಲಿಗೆ ಸೋಪಿನ ನೀರೇ ವಾಸಿ.