ಏಜೆನ್ಸಿ ರೋಲ್‌ಗೆ (ಅಂದ್ರೆ ಏಜೆನ್ಸಿಯ ನೌಕರರ ಪಟ್ಟಿಗೆ) ಬನ್ನಿ ಅಂತಿದಾರೆ, ಸಹಿ ಹಾಕ್ಲಾ ಬೇಡ್ವಾ? ಅನುಭವ ಇರೋರು ಹೇಳಿ

ಪೀಣ್ಯದ ಒಂದು ಫ್ಯಾಕ್ಟರೀಲಿ ಮೆಂಟೆನೆನ್ಸ್‌ನಲ್ಲಿದೀನಿ, ಒಂಬತ್ತು ವರ್ಷ ಸರ್ವಿಸ್ ಆಗಿದೆ. ಈಗ ನಮ್ಮ ಡಿಪಾರ್ಟ್‌ಮೆಂಟನ್ನೇ ಹೊರಗಿನ ಏಜೆನ್ಸಿಗೆ ಕೊಡ್ತಿದಾರೆ. ರಾಜೀನಾಮೆ ಬರ್ಕೊಡಿ, ಕೆಲಸ ಅದೇ ಸಂಬಳ ಅದೇ, ಬರೀ ರೋಲ್ ಬದಲಾಗುತ್ತೆ ಅಂತಾರೆ. ಏನ್ ಮಾಡ್ಲಿ?

---

ಬ್ರದರ್, ರಾಜೀನಾಮೆ ಮಾತ್ರ ಅವಸರದಲ್ಲಿ ಬರ್ಕೊಡ್ಬೇಡಿ. ನಮ್ಮಲ್ಲೂ ಹೀಗೇ ಆಯ್ತು. ಕಂಪನಿಯೇ ತೆಗೆದ್ರೆ ನೋಟಿಸ್ ಕೊಡ್ಬೇಕು, ಸರ್ವಿಸ್‌ನ ಒಂದೊಂದು ವರ್ಷಕ್ಕೂ 15 ದಿನದ ಸಂಬಳ ಪರಿಹಾರ ಕೊಡ್ಬೇಕು, ನೀವಾಗೇ ಬಿಟ್ಟೆ ಅಂತ ಬರೆದ್ರೆ ಅದನ್ನ ಕೇಳೋ ದಾರೀನೇ ಮುಚ್ಚೋಗುತ್ತೆ, ಅದಕ್ಕೇ ಆ ಕಾಗದಕ್ಕೆ ಅಷ್ಟೊಂದು ಒತ್ತಾಯ. ಗ್ರಾಚ್ಯುಟಿ, ಅಂದ್ರೆ ಕೆಲಸ ಬಿಡೋವಾಗ ಸರ್ವಿಸ್ ಲೆಕ್ಕದಲ್ಲಿ ಕಂಪನಿ ಕೊಡೋ ಇಡಿಗಂಟು, ಅದು ಬೇರೆ, ಐದು ವರ್ಷ ದಾಟಿದೆ ಅಲ್ವಾ, ಅದು ಹೇಗಿದ್ರೂ ಬರ್ಬೇಕು. ಹಳೇ ಸರ್ವಿಸ್ ಸೇರಿಸ್ತೀವಿ ಅಂತ ಬಾಯಲ್ಲಿ ಹೇಳಿದ್ರೆ ನಂಬ್ಬೇಡಿ, ಆಫರ್ ಲೆಟರ್‌ನಲ್ಲಿ ಇರ್ಲಿ, ಇಲ್ಲಾಂದ್ರೆ ಸೊನ್ನೆಯಿಂದ ಶುರು. ಆಮೇಲೆ ಪಿಎಫ್ ಪಾಸ್‌ಬುಕ್ಕನ್ನ ತಿಂಗಳಾ ತಿಂಗಳಾ ಉಮಂಗ್ ಆಪ್‌ನಲ್ಲಿ ನೋಡ್ತಿರಿ, ನಮ್ಮ ಏಜೆನ್ಸಿಯವ್ನು ಸಂಬಳದಲ್ಲಿ ಮುರ್ಕೊಂಡು ಕಟ್ಟೇ ಇರ್ಲಿಲ್ಲ, ಎಲ್ರೂ ಸಹಿ ಹಾಕಿ ಪಿಎಫ್ ಆಫೀಸಿಗೆ ಕಂಪ್ಲೇಂಟ್ ಕೊಟ್ಮೇಲೇ ಕಟ್ಟಿದ್ದು. ದುಡ್ಡಿಗಿಂತ ಜಾಸ್ತಿ ನೋವಾಗಿದ್ದು ಅಂದ್ರೆ ಅದೇ ಮೆಷಿನ್ ಮುಂದೆ ನಿಂತಿದ್ರೂ ಟ್ಯಾಗ್ ಬಣ್ಣ ಬೇರೆ, ಕ್ಯಾಂಟೀನ್ ರೇಟ್ ಬೇರೆ, ಕಂಪನಿ ಬಸ್ಸಿಗೆ ಹತ್ತೋ ಹಾಗಿಲ್ಲ.

---

ನಾನು ಎಚ್‌ಆರ್ ಕಡೆಯವಳು, ಮೇಲೆ ಹೇಳಿದ್ದೆಲ್ಲ ನಿಜ. ಮ್ಯಾನೇಜ್‌ಮೆಂಟಿಗೆ ಇದ್ರಿಂದ ಲಾಭಾನೇ ಅನ್ಕೋಬೇಡಿ. ಹಳಬ್ರು ಹೋದ್ರೆ ಯಾವ ಮೆಷಿನ್ ಯಾವಾಗ ಕೈ ಕೊಡುತ್ತೆ ಅಂತ ಗೊತ್ತಿರೋರೇ ಇರಲ್ಲ. ಕೋಲಾರದ ನರಸಾಪುರದಲ್ಲಿ ವಿಸ್ಟ್ರಾನ್ ಫ್ಯಾಕ್ಟರಿ ಗಲಾಟೆ ನೆನಪಿದ್ಯಾ, 2020ರ ಡಿಸೆಂಬರ್? ಐಫೋನ್ ಮಾಡೋ ಜಾಗ, ಬಹುಪಾಲು ಜನ ಏಜೆನ್ಸಿಗಳ ಮೂಲಕ ಬಂದೋರು, ಸಂಬಳ ತಡ ಆಗಿ ಸಿಟ್ಟು ಒಡೆದು ಫ್ಯಾಕ್ಟರಿ ಪುಡಿಪುಡಿ ಆಯ್ತು. ಆಪಲ್‌ನೋರು ಹೊಸ ಆರ್ಡರ್ ನಿಲ್ಸಿದ್ರು, ವಿಸ್ಟ್ರಾನ್ ತನ್ನ ವೈಸ್ ಪ್ರೆಸಿಡೆಂಟನ್ನೇ ತೆಗೀತು, 2023ರಲ್ಲಿ ಆ ಪ್ಲಾಂಟ್ ಟಾಟಾ ಕೈಗೆ ಹೋಯ್ತು. ಅಲ್ಲಿ ಒಡೆದು ಹಾಕಿದ್ದು ಸರಿ ಅಂತಲ್ಲ, ಆದ್ರೆ ಕೇಳೋಕೆ ಹೋದೋರಿಗೆ ಏಜೆನ್ಸಿ ಕಡೆ ಕೈ ತೋರಿಸ್ತಾ ಕೂತ್ರೆ ಇನ್ನೇನಾಗುತ್ತೆ? ಏಜೆನ್ಸಿ ಸಂಬಳ ಕೊಡ್ದಿದ್ರೆ ಮೂಲ ಕಂಪನಿಯೇ ಕೊಡ್ಬೇಕು ಅಂತ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ಬರ್ದಿತ್ತು, ಎಷ್ಟೋ ಮ್ಯಾನೇಜರ್‌ಗಳಿಗೆ ಅದೇ ಗೊತ್ತಿರಲ್ಲ.

---

ಒಬ್ಬೊಬ್ರನ್ನೇ ರೂಮಿಗೆ ಕರೆದು ಸಹಿ ಕೇಳ್ತಾರೆ, ಒಬ್ರೇ ಹೋಗ್ಬೇಡಿ. ಡಿಪಾರ್ಟ್‌ಮೆಂಟ್‌ನೋರೆಲ್ಲ ಸೇರಿ ಲಿಖಿತವಾಗಿ ಉತ್ತರ ಕೇಳಿ, ಕೊಡ್ಲಿಲ್ಲ ಅಂದ್ರೆ ಬನ್ನೇರುಘಟ್ಟ ರೋಡಿನ ಕಾರ್ಮಿಕ ಭವನಕ್ಕೆ ಹೋಗಿ ಲೇಬರ್ ಆಫೀಸರ್‌ಗೆ ಅರ್ಜಿ ಕೊಡಿ, ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳೋದು ಮರೀಬೇಡಿ.