ಸಹಾಯ ಬೇಕು: 1968ರ ಮಸ್ಟಾಂಗ್, ಮುಂದಿನ ಸಸ್ಪೆನ್ಷನ್‌ನಲ್ಲಿ ಸದ್ದು

ಹಳೇ ಅಮೆರಿಕನ್ ಕಾರು ಬಿಚ್ಚಿ ಜೋಡಿಸಿದವರು ಯಾರಾದರೂ ಇದ್ದೀರಾ? ನಾನಿರುವುದು ಟೆಕ್ಸಾಸ್‌ನಲ್ಲಿ, ಕಾರು 1968ರ ಮಸ್ಟಾಂಗ್. ಹಂಪ್ ಮೇಲೆ ನಿಧಾನಕ್ಕೆ ಹತ್ತಿಸಿದರೆ ಎಡಗಡೆ ಮುಂದಿನ ಚಕ್ರದ ಹತ್ತಿರ ಹಳೇ ಮಂಚದ ಹಾಗೆ ಕಿರ್ರ್ ಅನ್ನುತ್ತದೆ. ಬ್ರೇಕ್ ಒತ್ತಿದಾಗ ಏನೂ ಇಲ್ಲ, ಹಾಗಾಗಿ ಸ್ಟ್ರಟ್ ರಾಡ್ (ಚಕ್ರ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಸರಳು) ಬುಷ್, ಅಂದರೆ ಅದರ ರಬ್ಬರ್ ಮೇಲೆ ಅನುಮಾನ ಕಡಿಮೆ. ಶಾಕ್ ಅಬ್ಸಾರ್ಬರ್ ಬಿಚ್ಚಿಟ್ಟು ಕಾರನ್ನು ಒತ್ತಿ ನೋಡಿದೆ, ಸದ್ದು ಹಾಗೇ ಇದೆ. ಬಾಲ್ ಜಾಯಿಂಟ್‌ನಲ್ಲಿ (ಆರ್ಮ್ ಚಕ್ರದ ಕಡೆ ಸೇರುವ ಗುಂಡು ಕೀಲು) ಸಡಿಲ ಇಲ್ಲ, ಗ್ರೀಸೂ ಹೊಡೆದಾಯ್ತು.

ಈ ಕಾರಿನಲ್ಲಿ ಸ್ಪ್ರಿಂಗ್ ಕೂರುವುದು ಮೇಲಿನ ಆರ್ಮ್ (ಚಕ್ರವನ್ನು ಬಾಡಿಗೆ ಸೇರಿಸುವ, ಮೇಲೆ ಕೆಳಗೆ ಆಡುವ ತೋಳು) ಮೇಲೆ ಅಲ್ವಾ? ಸ್ಪ್ರಿಂಗ್ ಕೆಳಗಿನ ಪರ್ಚ್ (ಸ್ಪ್ರಿಂಗ್ ಕೂರುವ ಪೀಠ), ಆರ್ಮ್ ಶಾಫ್ಟಿನ (ಆರ್ಮ್ ಬಾಡಿಯ ಕಡೆ ತಿರುಗುವ ಅಚ್ಚು) ಬುಷ್, ಎರಡೂ ಒಟ್ಟಿಗೇ ಆಡುತ್ತವೆ. ಸದ್ದು ಯಾವುದರದು ಅಂತ ಕಿವಿಗೆ ಗೊತ್ತಾಗುತ್ತಿಲ್ಲ. ಒತ್ತಿಟ್ಟ ಸ್ಪ್ರಿಂಗ್ ಹಾರಿದರೆ ಕೈಕಾಲು ಉಳಿಯಲ್ಲ, ಸುಮ್ನೆ ಬಿಚ್ಚುವ ಧೈರ್ಯ ಇಲ್ಲ.

ಸ್ಪ್ರಿಂಗ್ ತೆಗೆಯದೆ, ಪರ್ಚೋ ಶಾಫ್ಟ್ ಬುಷ್ಷೋ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ?